ಇಂಗ್ಲಿಷಿನ ‘ಮಸ್ಟ್’, ‘ಹ್ಯಾವ್ ಟು’, ‘ಶುಡ್’, ‘ಶಲ್’: ಅಗತ್ಯ ಮತ್ತು ಬದ್ಧತೆ ಸೂಚಿಸುವ ಕ್ರಿಯಾಪದಗಳ ವ್ಯತ್ಯಾಸ ಹಾಗೂ ಕಚೇರಿ ಕನ್ನಡದಲ್ಲಿ ಅವುಗಳ ರೂಪ

ಒಂದು ಕೆಲಸವನ್ನು ಮಾಡುವುದು ಕಡ್ಡಾಯವೋ, ಅಗತ್ಯವೋ, ಉಚಿತವೋ ಅಥವಾ ಕೇವಲ ಐಚ್ಛಿಕವೋ ಎಂಬುದನ್ನು ಇಂಗ್ಲಿಷ್ ಭಾಷೆಯು ಮುಖ್ಯ ಕ್ರಿಯಾಪದದ ಹಿಂದೆ ಬರುವ ಸಹಾಯಕ ಕ್ರಿಯಾಪದದ ಮೂಲಕ ಸೂಚಿಸುತ್ತದೆ. ‘ಮಸ್ಟ್’, ‘ಹ್ಯಾವ್ ಟು’, ‘ಶುಡ್’, ‘ಆಟ್ ಟು’, ‘ನೀಡ್’ ಮತ್ತು ‘ಶಲ್’ ಇವು ಈ ವರ್ಗಕ್ಕೆ ಸೇರಿದ ಪ್ರಮುಖ ಪದಗಳು. ಕನ್ನಡದಲ್ಲಿ ಇವುಗಳಲ್ಲಿ ಹೆಚ್ಚಿನವುಗಳ ಕೆಲಸವನ್ನು ‘ಬೇಕು’ ಎಂಬ ಒಂದೇ ಪದ ನಿರ್ವಹಿಸುವುದರಿಂದ, ಇಂಗ್ಲಿಷ್ ನೋಟೀಸು, ನಿಯಮ, ಔಷಧಿಯ ಚೀಟಿ ಅಥವಾ ಅರ್ಜಿ ನಮೂನೆಯನ್ನು ಓದುವಾಗ ಇವುಗಳ ನಡುವಿನ ಅಂತರವು ಕಣ್ತಪ್ಪುವ ಸಂಭವ ಇರುತ್ತದೆ. ವಿದ್ಯಾರ್ಥಿಗೆ ಇದರಿಂದ ಒಂದೆರಡು ಅಂಕ ಕಡಿಮೆಯಾಗಬಹುದು. ಅರ್ಜಿದಾರರಿಗೆ ಮೇಲ್ಮನವಿಯ ಅವಧಿಯೇ ಮೀರಿಹೋಗಬಹುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಉಳಿದ ಭಾಗಗಳು ಮುಂಬೈ ಪ್ರಾಂತದ ಆಡಳಿತದಲ್ಲಿದ್ದವು. 1956ರ ಏಕೀಕರಣದ ನಂತರವೂ ಈ ಭಾಗದ ಜನರ ಮಾತಿನಲ್ಲಿ ‘ಉತಾರ’, ‘ವರ್ದಿ’, ‘ವಾರಸಾ’, ‘ಜರೂರು’ ಮುಂತಾದ ಹಳೆಯ ಆಡಳಿತ ಪದಗಳು ಉಳಿದುಕೊಂಡಿವೆ. ಹೀಗಾಗಿ ಇಲ್ಲಿನ ಓದುಗರ ಮುಂದೆ ಮೂರು ಬಗೆಯ ಮಾತುಗಳಿರುತ್ತವೆ: ಕಾನೂನಿನ ಇಂಗ್ಲಿಷ್, ಅದರ ಭಾಷಾಂತರವಾದ ಕಚೇರಿ ಕನ್ನಡ ಮತ್ತು ಮನೆಯಲ್ಲಿ ಆಡುವ ಕನ್ನಡ.

‘ಮಸ್ಟ್’ ಮತ್ತು ‘ಹ್ಯಾವ್ ಟು’

ಇವೆರಡೂ ಬಲವಾದ ಅಗತ್ಯವನ್ನು ಸೂಚಿಸುತ್ತವೆ. ವ್ಯತ್ಯಾಸವಿರುವುದು ಆ ಅಗತ್ಯವು ಎಲ್ಲಿಂದ ಬಂತು ಎಂಬುದರಲ್ಲಿ. ಮಾತನಾಡುವವರು ತಮ್ಮ ಅಧಿಕಾರದಿಂದ ಅಥವಾ ತಮ್ಮ ಮನಸ್ಸಿನ ಒತ್ತಾಯದಿಂದ ಹೇಳುವಾಗ ‘ಮಸ್ಟ್’ ಬರುತ್ತದೆ. ಹೊರಗಿನ ಸಂದರ್ಭ, ನಿಯಮ ಅಥವಾ ಬೇರೊಬ್ಬರ ಆದೇಶದಿಂದ ಅಗತ್ಯ ಉಂಟಾದಾಗ ‘ಹ್ಯಾವ್ ಟು’ ಬರುತ್ತದೆ. ಶಿಕ್ಷಕರು ವಿದ್ಯಾರ್ಥಿಗೆ ‘ಯು ಮಸ್ಟ್ ಕಮ್ ಅಟ್ ಟೆನ್’ ಎನ್ನುತ್ತಾರೆ. ಅದೇ ವಿದ್ಯಾರ್ಥಿ ಮನೆಗೆ ಹೋಗಿ ‘ಐ ಹ್ಯಾವ್ ಟು ಗೋ ಅಟ್ ಟೆನ್’ ಎನ್ನುತ್ತಾನೆ. ಗಂಟೆ ಒಂದೇ, ಕೆಲಸವೂ ಒಂದೇ; ಮೊದಲನೆಯದು ಆಜ್ಞೆ, ಎರಡನೆಯದು ಆ ಆಜ್ಞೆಯ ವರದಿ.

ಈ ಸೂಕ್ಷ್ಮವು ಈ ಭಾಗದ ಆಡುಮಾತಿಗೆ ಅಪರಿಚಿತವೇನಲ್ಲ. ಹಿರೇಕೆರೂರಿನ ರೈತರೊಬ್ಬರು ‘ನಾಳೆ ಹಾವೇರಿಗೆ ಹೋಗಬೇಕು’ ಎಂದರೆ ಅದು ಅವರ ಉದ್ದೇಶವೂ ಆಗಿರಬಹುದು. ‘ಹೋಗಬೇಕಾಗೇತಿ’ ಎಂದರೆ ಬೇರೆ ಯಾವುದೋ ಕಾರಣ ಅವರನ್ನು ಕರೆಸಿದೆ ಎಂದೇ ಅರ್ಥ. ಈ ‘ಬೇಕಾಗೇತಿ’ಯೇ ‘ಹ್ಯಾವ್ ಟು’ವಿಗೆ ಅತ್ಯಂತ ಸಮೀಪದ ಕನ್ನಡ ರೂಪ. ಪಠ್ಯಪುಸ್ತಕದ ‘ಬೇಕಾಗಿದೆ’, ‘ಬೇಕಾಗುತ್ತದೆ’ ಎಂಬ ರೂಪಗಳಿಗಿಂತ ಮಕ್ಕಳ ಕಿವಿಗೆ ಇದು ಬೇಗ ಹಿಡಿಸುತ್ತದೆ. ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿರುವುದರಿಂದ, ವ್ಯಾಕರಣವನ್ನು ಹೀಗೆ ಊರಿನ ಮಾತಿನಿಂದಲೇ ಆರಂಭಿಸುವುದು ಹೆಚ್ಚು ಫಲಕಾರಿ.

ಆತ್ಮೀಯ ಆಹ್ವಾನದಲ್ಲಿಯೂ ‘ಮಸ್ಟ್’ ಬಳಕೆಯಾಗುತ್ತದೆ. ‘ಯು ಮಸ್ಟ್ ಕಮ್ ಟು ದಿ ವೆಡ್ಡಿಂಗ್’ ಎಂಬಲ್ಲಿ ಕಡ್ಡಾಯವಿಲ್ಲ, ಪ್ರೀತಿಯ ಒತ್ತಾಯವಿದೆ. ‘ಮದುವೆಗೆ ಜರೂರ ಬರ್ರಿ’ ಎಂಬುದು ಅದರ ಸರಿಯಾದ ಅನುವಾದ. ‘ಹಾಜರಾಗತಕ್ಕದ್ದು’ ಎಂದು ಬರೆದರೆ ಲಗ್ನಪತ್ರಿಕೆ ಸಮನ್ಸ್ ಆಗುತ್ತದೆ.

‘ಶುಡ್’, ‘ಆಟ್ ಟು’ ಮತ್ತು ‘ನೀಡ್’

‘ಶುಡ್’ ಸಲಹೆಯನ್ನು ಅಥವಾ ಅಪೇಕ್ಷಿತ ನಡತೆಯನ್ನು ಸೂಚಿಸುತ್ತದೆ. ಪಾಲಿಸದಿದ್ದರೆ ದಂಡ ಬೀಳುವುದಿಲ್ಲ. ಆದರೆ ಪಾಲಿಸುವುದು ಲೇಸು ಎಂಬ ಅಭಿಪ್ರಾಯ ಅದರಲ್ಲಿದೆ. ‘ಆಟ್ ಟು’ ಅದಕ್ಕೆ ತೀರ ಹತ್ತಿರವಾದದ್ದು, ನೈತಿಕ ಕರ್ತವ್ಯದ ಛಾಯೆ ಸ್ವಲ್ಪ ಹೆಚ್ಚು. ಇತ್ತೀಚಿನ ಬಳಕೆಯಲ್ಲಿ ಇದು ವಿರಳವಾಗುತ್ತಿದೆ. ‘ನೀಡ್’ ಎಂಬುದು ಒಂದು ಉದ್ದೇಶ ಸಾಧನೆಗೆ ಬೇಕಾದ ಅಗತ್ಯವನ್ನು ತಿಳಿಸುತ್ತದೆ. ಇದರ ನಿಜವಾದ ಮಹತ್ವ ಕಾಣುವುದು ನಿಷೇಧ ರೂಪದಲ್ಲಿ.

ನಿಷೇಧ ರೂಪಗಳು

ಸಕಾರಾತ್ಮಕ ವಾಕ್ಯದಲ್ಲಿ ‘ಮಸ್ಟ್’ ಮತ್ತು ‘ಹ್ಯಾವ್ ಟು’ ಬಹುಮಟ್ಟಿಗೆ ಸಮಾನವಾಗಿರುತ್ತವೆ. ‘ನಾಟ್’ ಸೇರಿದ ಕೂಡಲೇ ಅವು ವಿರುದ್ಧ ದಿಕ್ಕಿಗೆ ಸಾಗುತ್ತವೆ. ‘ಮಸ್ಟ್ ನಾಟ್’ ಎಂದರೆ ಮಾಡಕೂಡದು. ‘ಡು ನಾಟ್ ಹ್ಯಾವ್ ಟು’ ಎಂದರೆ ಮಾಡಬೇಕಾಗಿಲ್ಲ, ಮಾಡಿದರೂ ಅಡ್ಡಿಯಿಲ್ಲ. ‘ನೀಡ್ ನಾಟ್’ ಕೂಡ ಈ ಎರಡನೆಯ ಅರ್ಥವನ್ನೇ ಕೊಡುತ್ತದೆ.

ಕನ್ನಡವು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ ಎನ್ನಬೇಕು. ‘ಬಾರದು’, ‘ಕೂಡದು’, ‘ಬೇಡ’ ಎಂಬ ನಿಷೇಧಗಳು ಒಂದು ಕಡೆ. ‘ಬೇಕಾಗಿಲ್ಲ’, ‘ಅಗತ್ಯವಿಲ್ಲ’ ಎಂಬ ವಿನಾಯಿತಿಗಳು ಇನ್ನೊಂದು ಕಡೆ. ಇವೆರಡನ್ನೂ ಕನ್ನಡಿಗರಾರೂ ಬೆರೆಸುವುದಿಲ್ಲ. ತೊಂದರೆ ಇರುವುದು ಪದಶಃ ಅನುವಾದಿಸುವ ಅಭ್ಯಾಸದಲ್ಲಿ. ‘ಮಸ್ಟ್’ ಎಂದರೆ ‘ಬೇಕು’, ‘ನಾಟ್’ ಎಂದರೆ ‘ಇಲ್ಲ’ ಎಂದು ಕಲಿತವರು ‘ಮಸ್ಟ್ ನಾಟ್’ ಎಂಬುದನ್ನು ‘ಬೇಕಿಲ್ಲ’ ಎಂದು ಓದುತ್ತಾರೆ. ಗುಳಿಗೆಯ ಚೀಟಿಯ ಮೇಲೆ ಖಾಲಿ ಹೊಟ್ಟೆಯಲ್ಲಿ ‘ಮಸ್ಟ್ ನಾಟ್ ಬಿ ಟೇಕನ್’ ಎಂದಿದ್ದಲ್ಲಿ, ಖಾಲಿ ಹೊಟ್ಟೆಯಲ್ಲಿಯೇ ತೆಗೆದುಕೊಳ್ಳಬೇಕೆಂದೇನಿಲ್ಲ ಎಂದು ತಿಳಿದುಕೊಂಡರೆ ಅದು ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ. ಹತ್ತಿ ಮತ್ತು ಗೋವಿನಜೋಳದ ಹೊಲಗಳಿಗೆ ಸಿಂಪಡಿಸುವ ಕೀಟನಾಶಕಗಳ ಚೀಟಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಡಬ್ಬಿಯ ಮೇಲಿನ ಕೆಂಪು ತ್ರಿಕೋನವು ಅತ್ಯಂತ ವಿಷಕಾರಿ ಎಂಬುದನ್ನು, ಹಳದಿ, ನೀಲಿ ಮತ್ತು ಹಸಿರು ಕ್ರಮವಾಗಿ ಕಡಿಮೆಯಾಗುವ ವಿಷದ ಪ್ರಮಾಣವನ್ನು ಸೂಚಿಸುತ್ತವೆ. ಬಣ್ಣವು ಓದಲು ಬಾರದವರಿಗೂ ತಿಳಿಯುತ್ತದೆ. ಆದರೆ ಯಾವುದನ್ನು ಮಾಡಕೂಡದು, ಯಾವುದನ್ನು ಮಾಡಬೇಕಾಗಿಲ್ಲ ಎಂಬುದನ್ನು ಬಣ್ಣ ಹೇಳಲಾರದು.

‘ಬೇಕು’ ಮತ್ತು ‘ತಕ್ಕದ್ದು’

ಹಳಗನ್ನಡದ ‘ಬೇೞ್ಕುಂ’ ಎಂಬ ರೂಪದಿಂದ ಬಂದ ‘ಬೇಕು’ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಬದಲಾಗುವುದಿಲ್ಲ. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಇಂಗ್ಲಿಷಿನ ‘ಮಸ್ಟ್’ ಕೂಡ ಹೀಗೆಯೇ ಎಲ್ಲ ಪುರುಷಗಳಲ್ಲಿಯೂ ಒಂದೇ ರೂಪದಲ್ಲಿರುತ್ತದೆ. ಒತ್ತು ಕೊಡಬೇಕಾದಾಗ ಕನ್ನಡವು ‘ಏ’ಕಾರ ಸೇರಿಸಿ ‘ಮಾಡಲೇಬೇಕು’ ಎನ್ನುತ್ತದೆ. ಇಚ್ಛೆಯೂ ಅಗತ್ಯವೂ ಕರ್ತವ್ಯವೂ ಈ ಒಂದೇ ಪದದಲ್ಲಿ ಅಡಗಿರುವುದು ‘ಬೇಕು’ವಿನ ಶಕ್ತಿ. ಕಾನೂನು ಬರೆಯುವವರಿಗೆ ಅದೇ ತೊಡಕು.

ಆದುದರಿಂದ ಕಾನೂನಿನ ಕನ್ನಡವು ‘ಶಲ್’ ಎಂಬುದಕ್ಕೆ ‘ತಕ್ಕದ್ದು’ ಎಂಬ ರೂಪವನ್ನು ಬಳಸುತ್ತದೆ: ‘ಸಲ್ಲಿಸತಕ್ಕದ್ದು’, ‘ಪ್ರಕಟಿಸತಕ್ಕದ್ದು’, ನಿಷೇಧದಲ್ಲಿ ‘ಮಾಡತಕ್ಕದ್ದಲ್ಲ’. ‘ಮೇ’ ಎಂಬುದಕ್ಕೆ ‘ಬಹುದು’. ಕರ್ನಾಟಕ ರಾಜಭಾಷಾ ಅಧಿನಿಯಮ 1963ರಲ್ಲಿ ಜಾರಿಗೆ ಬಂದ ನಂತರ ಅಧಿನಿಯಮಗಳು, ನಿಯಮಗಳು ಮತ್ತು ಅಧಿಸೂಚನೆಗಳ ಕನ್ನಡದಲ್ಲಿ ಈ ಜೋಡಿ ಸ್ಥಿರವಾಗಿ ನೆಲೆಯೂರಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ತಕ್ಕ’ ಎಂಬ ಪದದ ಮೂಲ ಅರ್ಥ ಯೋಗ್ಯವಾದ, ಹೊಂದುವ ಎಂದು. ‘ತಕ್ಕ ಮಾತು’, ‘ತಕ್ಕ ಬೆಲೆ’ ಎನ್ನುವಾಗ ಆ ಅರ್ಥವೇ ಇದೆ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಟೀಸು ಓದುವವರಿಗೆ ‘ಹದಿನೈದು ದಿನಗಳೊಳಗೆ ಸಲ್ಲಿಸತಕ್ಕದ್ದು’ ಎಂಬುದು ‘ಸಲ್ಲಿಸುವುದು ಯೋಗ್ಯ’ ಎಂಬ ಸಲಹೆಯಂತೆ, ಅಂದರೆ ‘ಶುಡ್’ ಎಂಬಂತೆ, ತೋರಬಹುದು. ವಾಸ್ತವವಾಗಿ ಅದು ‘ಶಲ್’. ಕಾನೂನಿನ ಬರಹದಲ್ಲಿ ‘ತಕ್ಕದ್ದು’ ಬಂದಲ್ಲಿ ಅದನ್ನು ‘ಲೇಬೇಕು’ ಎಂದು ಓದಿಕೊಳ್ಳುವುದು ಸುರಕ್ಷಿತ. ಸಾರ್ವಜನಿಕರಿಗೆ ನೇರವಾಗಿ ಕಳುಹಿಸುವ ಪತ್ರಗಳಲ್ಲಾದರೂ ‘ಸಲ್ಲಿಸಲೇಬೇಕು’ ಎಂದು ಬರೆಯುವುದರಿಂದ ಯಾವ ಕಾನೂನಿಗೂ ಕುಂದು ಬರುವುದಿಲ್ಲ.

ರಾಜ್ಯ ಅಧಿನಿಯಮದ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳ ನಡುವೆ ಭೇದ ಕಂಡುಬಂದಲ್ಲಿ, ಸಂವಿಧಾನದ 348ನೇ ಅನುಚ್ಛೇದದ 3ನೇ ಖಂಡದ ಪ್ರಕಾರ ರಾಜ್ಯಪಾಲರ ಪ್ರಾಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಭಾಷಾಂತರವನ್ನು ಇಂಗ್ಲಿಷಿನಲ್ಲಿನ ಅಧಿಕೃತ ಪಠ್ಯವೆಂದು ಪರಿಗಣಿಸಲಾಗುತ್ತದೆ. ಕನ್ನಡದಲ್ಲಿಯೇ ವ್ಯವಹರಿಸುವವರೂ ‘ಶಲ್’ ಮತ್ತು ‘ಮೇ’ಗಳ ಅರ್ಥ ತಿಳಿದಿರಬೇಕಾದುದು ಈ ಕಾರಣದಿಂದ.

ಕಾನೂನಿನಲ್ಲಿ ‘ಶಲ್’ ಮತ್ತು ‘ಮೇ’

ಮಾಹಿತಿ ಹಕ್ಕು ಅಧಿನಿಯಮ, 2005 ಈ ಪದಗಳನ್ನು ಕಲಿಯಲು ಒಳ್ಳೆಯ ಪಾಠವಾಗಿದೆ. ಅರ್ಜಿ ಬಂದ ದಿನದಿಂದ 30 ದಿನಗಳೊಳಗೆ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಲ್ಲಿ 48 ಗಂಟೆಗಳೊಳಗೆ, ಅಧಿಕಾರಿಯು ಮಾಹಿತಿ ನೀಡತಕ್ಕದ್ದು ಅಥವಾ ನಿರಾಕರಿಸತಕ್ಕದ್ದು. ಇದು ಅಧಿಕಾರಿಯ ಮೇಲಿರುವ ‘ಶಲ್’. ಮಾಹಿತಿ ಏಕೆ ಬೇಕೆಂದು ಅರ್ಜಿದಾರರು ಕಾರಣ ಕೊಡಬೇಕಾಗಿಲ್ಲ. ಕಾರಣ ಕೇಳತಕ್ಕದ್ದಲ್ಲ ಎಂಬುದೂ ‘ಶಲ್ ನಾಟ್’ ಎಂಬ ರೂಪದಲ್ಲಿಯೇ ಇದೆ. ಅವಧಿಯೊಳಗೆ ತೀರ್ಮಾನ ಬಾರದಿದ್ದರೆ ಅಧಿಕಾರಿಯು ಕೋರಿಕೆಯನ್ನು ನಿರಾಕರಿಸಿದಂತೆ ಭಾವಿಸತಕ್ಕದ್ದು. ಈ ಮೂರನೆಯ ‘ಶಲ್’ ಯಾರಿಗೂ ಕೆಲಸ ವಹಿಸುವುದಿಲ್ಲ. ಅದು ಕಾನೂನಿನ ಒಂದು ಘೋಷಣೆ. ಅಂದಿನಿಂದಲೇ ಮೇಲ್ಮನವಿಯ ದಿನಗಣನೆ ಆರಂಭವಾಗುತ್ತದೆ.

ಮುಂದಿನ ಹಂತದಲ್ಲಿ ಅರ್ಜಿದಾರರು 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಇದು ‘ಮೇ’. ಹೆಚ್ಚಿನ ಗೊಂದಲ ಇಲ್ಲಿಯೇ ಆಗುವುದು. ‘ಸಲ್ಲಿಸಬಹುದು’ ಎಂಬುದರಿಂದ ಮೇಲ್ಮನವಿ ಸಲ್ಲಿಸುವುದು, ಬಿಡುವುದು ಅರ್ಜಿದಾರರ ಇಚ್ಛೆಗೆ ಸೇರಿದ್ದು ಎಂದಷ್ಟೇ ತಿಳಿಯಬೇಕು. 30 ದಿನಗಳು ಇಚ್ಛೆಗೆ ಸೇರಿದ್ದಲ್ಲ. ಸಾಕಷ್ಟು ಕಾರಣವಿದೆಯೆಂದು ಮನವರಿಕೆಯಾದರೆ ಮೇಲ್ಮನವಿ ಅಧಿಕಾರಿಯು ತಡವಾದ ಮನವಿಯನ್ನೂ ಸ್ವೀಕರಿಸಬಹುದು. ಈ ಎರಡನೆಯ ‘ಬಹುದು’ ಅಧಿಕಾರಿಯ ವಿವೇಚನೆ, ಅರ್ಜಿದಾರರ ಹಕ್ಕಲ್ಲ. ಒಂದೇ ‘ಬಹುದು’, ಎರಡು ಕೈಗಳಲ್ಲಿ ಎರಡು ಬೆಲೆ. ಆದ್ದರಿಂದ ‘ಬಹುದು’ ಕಂಡಲ್ಲಿ ಅದು ಯಾರಿಗೆ ಸಂಬಂಧಿಸಿದ್ದು ಎಂಬುದನ್ನು ಮೊದಲು ನೋಡುವುದು ಅಗತ್ಯ.

‘ಶಲ್’ ಇದ್ದ ಮಾತ್ರಕ್ಕೆ ಪ್ರತಿ ಬಾರಿಯೂ ಕಟ್ಟುನಿಟ್ಟಿನ ಕಡ್ಡಾಯವೆಂದು ತಿಳಿಯುವುದೂ ಸರಿಯಲ್ಲ. ಸರ್ಕಾರಿ ನೌಕರರ ಶಿಸ್ತಿನ ವಿಷಯಗಳಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದೆಂದು ಸಂವಿಧಾನದ 320ನೇ ಅನುಚ್ಛೇದವು ‘ಶಲ್’ ಬಳಸಿ ಹೇಳುತ್ತದೆ. ಆದರೆ ಸಮಾಲೋಚನೆ ನಡೆಯದಿದ್ದ ಮಾತ್ರಕ್ಕೆ ಸರ್ಕಾರದ ಆದೇಶ ಅಸಿಂಧುವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ತೀರ್ಪು ನೀಡಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, 1963ರ ಜೋಗೇಂದ್ರ ಸಿಂಗ್ ಪ್ರಕರಣದಲ್ಲಿ ನಿಯಮವು ‘ಮೇ’ ಎಂದಿದ್ದರೂ, ಪತ್ರಾಂಕಿತ ನೌಕರನೇ ಕೋರಿಕೊಂಡಾಗ ಪ್ರಕರಣವನ್ನು ನ್ಯಾಯಾಧಿಕರಣಕ್ಕೆ ಒಪ್ಪಿಸುವುದು ಕಡ್ಡಾಯವೆಂದು ಅದೇ ನ್ಯಾಯಾಲಯ ಹೇಳಿತು. ಪದವು ಒಂದು ಪೂರ್ವಭಾವನೆಯನ್ನು ಮಾತ್ರ ಕೊಡುತ್ತದೆ. ನಿರ್ಣಯವು ಕಾನೂನಿನ ಉದ್ದೇಶ ಮತ್ತು ಪಾಲಿಸದಿದ್ದರೆ ಆಗುವ ಪರಿಣಾಮವನ್ನು ಅವಲಂಬಿಸಿರುತ್ತದೆ. ಇದು ನ್ಯಾಯಾಲಯದ ಕೆಲಸ. ನೋಟೀಸು ಕೈಗೆ ಬಂದವರು ‘ಶಲ್’ ಎಂಬುದನ್ನು ಕಡ್ಡಾಯವೆಂದೇ ತಿಳಿದು ನಡೆಯುವುದು ಒಳಿತು.

‘ಶಲ್’ ಜೊತೆಗೆ ಬರುವ ಪದವೂ ಮುಖ್ಯ. 1950ರಲ್ಲಿ ಸಂವಿಧಾನದ 45ನೇ ಅನುಚ್ಛೇದವು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳಿತ್ತು. ಕಡ್ಡಾಯವಾಗಿದ್ದುದು ಪ್ರಯತ್ನ, ಅದೂ ನಿರ್ದೇಶಕ ತತ್ತ್ವವಾದ್ದರಿಂದ ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿರಲಿಲ್ಲ. 2002ರ 86ನೇ ತಿದ್ದುಪಡಿಯಿಂದ ಸೇರಿದ 21ಎ ಅನುಚ್ಛೇದವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಒದಗಿಸತಕ್ಕದ್ದು ಎಂದಿತು. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ‘ಪ್ರಯತ್ನಿಸತಕ್ಕದ್ದು’ ಎಂಬುದು ‘ಒದಗಿಸತಕ್ಕದ್ದು’ ಎಂದಾಗಲು ಅರವತ್ತು ವರ್ಷಗಳು ಹಿಡಿದವು.

ವಾರಸಾ ವರ್ದಿ ಮತ್ತು ಬೆಳೆ ವಿಮೆ

ಈ ನಾಲ್ಕು ತಾಲ್ಲೂಕುಗಳ ರೈತ ಕುಟುಂಬಗಳಿಗೆ ನಿತ್ಯವೂ ಸಂಬಂಧಿಸಿದ ಎರಡು ಉದಾಹರಣೆಗಳನ್ನು ಇಲ್ಲಿ ನೋಡಬಹುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 128ನೇ ಪ್ರಕರಣದ ಪ್ರಕಾರ, ಉತ್ತರಾಧಿಕಾರ, ವಿಭಾಗ, ಖರೀದಿ ಮುಂತಾದ ರೀತಿಯಲ್ಲಿ ಜಮೀನಿನಲ್ಲಿ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ನಿಗದಿತ ಅಧಿಕಾರಿಗೆ ಬಾಯಿಮಾತಿನಲ್ಲಿ ಅಥವಾ ಬರಹದಲ್ಲಿ ವರದಿ ಮಾಡತಕ್ಕದ್ದು. ಜನರು ‘ವಾರಸಾ ವರ್ದಿ ಕೊಡುವುದು’ ಎನ್ನುವುದು ಇದನ್ನೇ. ತಂದೆ ತೀರಿಕೊಂಡ ನಂತರ ಉತಾರದಲ್ಲಿ ಹೆಸರು ಹಾಗೆಯೇ ಉಳಿದಿರುವ ಮನೆಗಳಲ್ಲಿ ಇದನ್ನು ‘ಬೇಕಾದಾಗ ಕೊಟ್ಟರಾಯಿತು’ ಎಂದು ಭಾವಿಸುವುದುಂಟು. ಸಾಲ, ಪರಿಹಾರ ಅಥವಾ ವಿಮೆಯ ಸಮಯದಲ್ಲಿ ತೊಡಕು ಗೊತ್ತಾಗುತ್ತದೆ. ನೋಂದಾಯಿತ ದಸ್ತಾವೇಜಿನ ಮೂಲಕ ಹಕ್ಕು ಪಡೆದವರಿಗೆ ವರದಿ ಮಾಡುವ ಹೊಣೆಯಿಂದ ವಿನಾಯಿತಿ ಇದೆ. ಅವರ ಪಾಲಿಗೆ ಅದು ‘ನೀಡ್ ನಾಟ್’. ಅದೇ ಅಧಿನಿಯಮದ 133ನೇ ಪ್ರಕರಣವು ಹಕ್ಕುದಾಖಲೆಯ ನಮೂದನ್ನು, ಬೇರೆಯದು ರುಜುವಾತಾಗುವವರೆಗೆ, ನಿಜವೆಂದು ಪೂರ್ವಭಾವಿಸತಕ್ಕದ್ದು ಎನ್ನುತ್ತದೆ. ಈ ‘ಶಲ್’ ನ್ಯಾಯಾಲಯವನ್ನು ಉದ್ದೇಶಿಸಿದ್ದು. ಖಾತೆ ಬದಲಾವಣೆ ಮಾತ್ರದಿಂದ ಯಾರಿಗೂ ಮಾಲೀಕತ್ವ ಉಂಟಾಗುವುದಿಲ್ಲ.

ಬೆಳೆ ವಿಮೆಯಲ್ಲಿ ‘ಮಸ್ಟ್’ ಎಂಬುದು ‘ಮೇ’ ಆದುದನ್ನು ಕಾಣಬಹುದು. 2016ರ ಮುಂಗಾರಿನಿಂದ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಸಾಲ ಪಡೆದ ರೈತರಿಗೆ ವಿಮೆ ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಅದನ್ನು ಎಲ್ಲ ರೈತರಿಗೂ ಐಚ್ಛಿಕಗೊಳಿಸಲಾಯಿತು. ಆದರೆ ವಿಮೆ ಬೇಡವೆನ್ನುವ ಸಾಲಗಾರ ರೈತರು ನೋಂದಣಿಯ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ಹಾಗೆಂದು ಬ್ಯಾಂಕಿಗೆ ಘೋಷಣೆ ಸಲ್ಲಿಸಬೇಕೆಂಬ ಷರತ್ತು ಇಡಲಾಯಿತು. ಸಲ್ಲಿಸದಿದ್ದರೆ ವಿಮಾ ಕಂತು ಕಡಿತವಾಗುತ್ತದೆ. ‘ಬೇಕಾಗಿಲ್ಲ’ ಎಂಬ ವಿನಾಯಿತಿಯನ್ನು ಪಡೆಯಲು ಒಂದು ‘ಬೇಕು’ ಇದೆ ಎಂಬುದು ಇಲ್ಲಿನ ವಿಶೇಷ. ಆಲಿಕಲ್ಲು ಮಳೆ ಅಥವಾ ಹೊಲದಲ್ಲಿ ನೀರು ನಿಲ್ಲುವಂತಹ ಸ್ಥಳೀಯ ವಿಪತ್ತಿನಿಂದ ಹಾನಿಯಾದಾಗ 72 ಗಂಟೆಗಳೊಳಗೆ ತಿಳಿಸಬೇಕೆಂಬುದು ಸಲಹೆಯಲ್ಲ, ಪರಿಹಾರದ ಷರತ್ತು.

ಪದಗಳ ಹಿನ್ನೆಲೆ

ಇಂಗ್ಲಿಷಿನ ‘ಶಲ್’ ಮತ್ತು ‘ಆಟ್’ ಎರಡೂ ಮೂಲದಲ್ಲಿ ಸಾಲ, ಋಣಗಳಿಗೆ ಸಂಬಂಧಿಸಿದ ಪದಗಳು. ಹಳೆಯ ಇಂಗ್ಲಿಷಿನಲ್ಲಿ ‘ಶಲ್’ ಎಂದರೆ ‘ಕೊಡಬೇಕಾಗಿದೆ’ ಎಂದು. ‘ಆಟ್’ ಎಂಬುದು ‘ಓ’, ಅಂದರೆ ಬಾಕಿ ಇರು, ಎಂಬ ಕ್ರಿಯಾಪದದ ಭೂತರೂಪ. ‘ಶುಡ್’ ಎಂಬುದು ‘ಶಲ್’ನ ಭೂತರೂಪ. ಹೀಗೆ ಇಂಗ್ಲಿಷಿನಲ್ಲಿ ಕರ್ತವ್ಯವು ತೀರಿಸಬೇಕಾದ ಬಾಕಿಯಾಗಿ ಹುಟ್ಟಿತು. ಕನ್ನಡದಲ್ಲಿ ಅದು ಬಯಕೆಯಿಂದ ‘ಬೇಕು’ ಎಂದೂ, ಔಚಿತ್ಯದಿಂದ ‘ತಕ್ಕದ್ದು’ ಎಂದೂ ಬಂತು. ಉತ್ತಮ ಪುರುಷದ ‘ಐ’, ‘ವಿ’ ಪದಗಳೊಂದಿಗೆ ‘ಶಲ್’, ಉಳಿದವುಗಳೊಂದಿಗೆ ‘ವಿಲ್’ ಬಂದರೆ ಕೇವಲ ಭವಿಷ್ಯತ್ಕಾಲವೆಂದೂ, ತಿರುವುಮುರುವಾದರೆ ಸಂಕಲ್ಪ ಅಥವಾ ಆಜ್ಞೆಯೆಂದೂ 1653ರಲ್ಲಿ ಜಾನ್ ವಾಲಿಸ್ ತಮ್ಮ ವ್ಯಾಕರಣದಲ್ಲಿ ನಿರೂಪಿಸಿದ ನಿಯಮವನ್ನು ಹಿಂದಿನ ತಲೆಮಾರಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದರು. ಇಂದು ಅದರ ಪಾಲನೆ ಬಹುತೇಕ ನಿಂತಿದೆ. 1996ರ ದಕ್ಷಿಣ ಆಫ್ರಿಕಾ ಸಂವಿಧಾನವು ‘ಶಲ್’ ಬದಲಿಗೆ ‘ಮಸ್ಟ್’ ಎಂಬುದನ್ನೇ ಬಳಸಿದೆ. ಭಾರತದ ಶಾಸನಗಳಲ್ಲಿ ‘ಶಲ್’ ಮುಂದುವರಿದಿದೆ.

ಇಂಗ್ಲಿಷ್ ಬೋಧನೆಯ ಚರ್ಚೆಯಲ್ಲಿ ಸವಣೂರಿನ ಹೆಸರು ಬರಲು ಇನ್ನೊಂದು ಕಾರಣವೂ ಉಂಟು. 1909ರಲ್ಲಿ ಅಲ್ಲಿ ಜನಿಸಿದ ಡಾ. ವಿನಾಯಕ ಕೃಷ್ಣ ಗೋಕಾಕ ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ನೀಡಬೇಕೆಂದು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರೂ ಅವರೇ.

ಭೂತಕಾಲದ ರೂಪಗಳು

‘ಮಸ್ಟ್’ ಎಂಬುದೇ ಮೂಲದಲ್ಲಿ ಭೂತರೂಪವಾದ್ದರಿಂದ ಅದಕ್ಕೆ ಬೇರೆ ಭೂತರೂಪವಿಲ್ಲ. ನಡೆದುಹೋದ ಅಗತ್ಯವನ್ನು ‘ಹ್ಯಾಡ್ ಟು’ ಎಂದು ಹೇಳಲಾಗುತ್ತದೆ: ಮಾಡಬೇಕಾಯಿತು, ಮಾಡಿದ್ದೂ ಆಯಿತು. ‘ಶುಡ್ ಹ್ಯಾವ್’ ಎಂದರೆ ಮಾಡಬೇಕಿತ್ತು, ಆದರೆ ಮಾಡಲಿಲ್ಲ. ‘ಮಸ್ಟ್ ಹ್ಯಾವ್’ ಎಂಬುದು ಬದ್ಧತೆಯನ್ನು ಹೇಳುವುದೇ ಇಲ್ಲ. ಅದು ಊಹೆ, ಮಾಡಿರಲೇಬೇಕು ಎಂಬರ್ಥ. ಮೇಲ್ಮನವಿಯ ಆದೇಶಗಳನ್ನು ಓದುವಾಗ ಈ ಮೂರನ್ನೂ ಪ್ರತ್ಯೇಕಿಸಿ ನೋಡಬೇಕಾಗುತ್ತದೆ. ಅರ್ಜಿದಾರರು ನೋಟೀಸನ್ನು ‘ಮಸ್ಟ್ ಹ್ಯಾವ್ ರಿಸೀವ್ಡ್’ ಎಂದು ಆದೇಶದಲ್ಲಿದ್ದರೆ, ನೋಟೀಸು ತಲುಪಿರಲೇಬೇಕೆಂದು ಅಧಿಕಾರಿಯು ಊಹಿಸಿದ್ದಾರೆಂದು ಅರ್ಥ. ತಲುಪಿದ್ದಕ್ಕೆ ಸಹಿಯ ದಾಖಲೆ ಕಡತದಲ್ಲಿ ಇಲ್ಲದಿದ್ದಲ್ಲಿ, ಆ ಊಹೆಯನ್ನು ಮುಂದಿನ ಪ್ರಾಧಿಕಾರದ ಮುಂದೆ ಪ್ರಶ್ನಿಸಲು ಅರ್ಜಿದಾರರಿಗೆ ಅವಕಾಶವಿರುತ್ತದೆ.